ಬಿದ್ದವರನ್ನು ಎಲ್ಲಿಂದ ಏಳಿಸಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿಷಯ: ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ವಿಡಿಯೊ ಗೇಮಿನ ಕಷ್ಟದ ಬಗ್ಗೆ ತಮ್ಮ ಯುವ ಪುರವಣಿಯಲ್ಲಿ ಬಂದ ಬರಹ.

ಈ ಆಟ ಕಷ್ಟವೆಂದು ಗೊಣಗುವವರೆಲ್ಲರೂ ತಾಳ್ಮೆಗೆಟ್ಟವರು, ಕುಳಿತಲ್ಲಿಗೇ ಎಲ್ಲವೂ ಬರಬೇಕೆನ್ನುವ ಪೀಳಿಗೆಯವರು ಎಂಬ ತೀರ್ಮಾನವನ್ನು ಆ ಬರಹದಲ್ಲಿ ಓದಿ ಈ ಪತ್ರ ಬರೆಯುತ್ತಿದ್ದೇನೆ. ನನಗೆ ನಲವತ್ತೆಂಟು ವರ್ಷ. ಹಾಸನದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದೇನೆ, ಆದ್ದರಿಂದ ತಾಳ್ಮೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ. ಎಂಜಿನಿಯರಿಂಗ್ ಓದುತ್ತಿರುವ ಮಗ ದಸರಾ ರಜೆಯಲ್ಲಿ ತನ್ನ ಕಂಪ್ಯೂಟರಿಗೆ ಈ ಆಟವನ್ನು ಹಾಕಿಕೊಟ್ಟ. ನಾನು ಈವರೆಗೆ ಮೂವತ್ತು ಗಂಟೆಗಳಷ್ಟು ಆಡಿದ್ದೇನೆ, ಆಟವಿನ್ನೂ ಮುಗಿದಿಲ್ಲ. ಆದರೂ ಆರಂಭದ ಭಾಗದ ಬಗ್ಗೆ ಮಾತಾಡುವಷ್ಟು ಪೆಟ್ಟು ತಿಂದಿದ್ದೇನೆ.

ಮೊದಲಿಗೆ ಒಂದು ಸ್ಪಷ್ಟೀಕರಣ. ಸ್ಟಾಫ್ ರೂಮಿನಲ್ಲಿ ನಾನು ಗೇಮ್ ಎಂದ ತಕ್ಷಣ ಸಹೋದ್ಯೋಗಿಯೊಬ್ಬರು “ದುಡ್ಡು ಕಟ್ಟಿ ಆಡೋದಾ ಮೇಡಂ? ಅದನ್ನ ಬ್ಯಾನ್ ಮಾಡಿದ್ರಲ್ಲ?” ಎಂದು ಗಾಬರಿಯಿಂದ ಕೇಳಿದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ್ದು ಹಣ ಪಣಕ್ಕಿಟ್ಟು ಆನ್‌ಲೈನಿನಲ್ಲಿ ಆಡುವ ಆಟಗಳನ್ನು. ಇದು ಒಮ್ಮೆ ಕೊಂಡರೆ ಮುಗಿಯಿತು, ಒಬ್ಬರೇ ಕುಳಿತು ಆಡುವಂಥದ್ದು. ಇಲ್ಲಿ ಕಳೆದುಕೊಳ್ಳುವುದು ಜಪಮಣಿಗಳನ್ನು ಮಾತ್ರ, ಅವೂ ಆಟದೊಳಗಷ್ಟೇ ನಡೆಯುವ ದುಡ್ಡು.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ‘ಹಾಲೋ ನೈಟ್’ ಎಂಬ ಆಟವನ್ನು ತಂದಿತ್ತು. ಅದಕ್ಕೆ ಸೇರಿಸಬೇಕೆಂದಿದ್ದ ಒಂದು ಭಾಗವೇ ಬೆಳೆದು, 2019ರಲ್ಲಿ ‘ಸಿಲ್ಕ್‌ಸಾಂಗ್’ ಎಂಬ ಪ್ರತ್ಯೇಕ ಆಟವೆಂದು ಘೋಷಣೆಯಾಗಿ, ಆರು ವರ್ಷಗಳ ನಂತರ 2025ರ ಸೆಪ್ಟೆಂಬರ್ 4ರಂದು ಬಿಡುಗಡೆಯಾಯಿತು. ಅಂದು ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಸೇರಿದಂತೆ ಆಟ ಮಾರುವ ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳೇ ಸ್ವಲ್ಪ ಹೊತ್ತು ಕುಸಿದುಬಿದ್ದವು. ಪಾತ್ರಗಳನ್ನು ಪಕ್ಕದಿಂದ ನೋಡುತ್ತಾ, ಎಡಬಲಕ್ಕೂ ಮೇಲೆ ಕೆಳಕ್ಕೂ ಸರಿಯುವ ಒಂದೇ ದೊಡ್ಡ ಲೋಕದಲ್ಲಿ ಅಲೆದು, ಹೊಸ ಶಕ್ತಿ ಸಿಕ್ಕಾಗ ಹಿಂದೆ ಮುಚ್ಚಿದ್ದ ದಾರಿಗೆ ಮರಳಿ ಹೋಗುವ ಈ ಬಗೆಯ ಆಟಗಳಿಗೆ ಮೆಟ್ರಾಯ್ಡ್‌ವೇನಿಯಾ ಎಂಬ ಹೆಸರಿದೆ. 1986ರ ‘ಮೆಟ್ರಾಯ್ಡ್’ ಮತ್ತು 1997ರಲ್ಲಿ ಹೊಸ ರೂಪ ಪಡೆದ ‘ಕ್ಯಾಸಲ್‌ವೇನಿಯಾ’ ಸರಣಿಗಳ ಹೆಸರುಗಳನ್ನು ಬೆಸೆದು ಮಾಡಿದ ಪದವದು.

ಹೆಸರು ಹೊಸದಾದರೂ ಒಳಗಿನ ತತ್ವ ನನಗೆ ಹೊಸದೇನಲ್ಲ. ನಮ್ಮಜ್ಜಿಯ ಊರಿನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿದ್ದರು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ನಿಯಮ ಆಡಿದವರೆಲ್ಲರಿಗೂ ಗೊತ್ತು. ಒಳಗಿನ ದಾರಿ ಕಣ್ಣಿಗೆ ಕಾಣುತ್ತಿರುತ್ತದೆ, ಅರ್ಹತೆ ಬಂದಿರುವುದಿಲ್ಲ, ಹೊರಸುತ್ತಿನಲ್ಲೇ ಸುತ್ತುತ್ತಿರಬೇಕು. ಈ ಆಟದ ಲೋಕವಾದ ಫಾರ್ಲೂಮ್ ಕೂಡ ಹಾಗೆಯೇ. ಹಾರ್ನೆಟ್ ಎಂಬ ಜೇಡರ ಕುಲದ ಹೆಣ್ಣನ್ನು ಸೆರೆಹಿಡಿದು ಈ ರಾಜ್ಯಕ್ಕೆ ತಂದಿರುತ್ತಾರೆ. ತಪ್ಪಿಸಿಕೊಂಡ ಆಕೆ ತಳದಲ್ಲಿ ಬಿದ್ದು, ಕೈಯಲ್ಲೊಂದು ಸೂಜಿ ಹಿಡಿದು, ಯಾತ್ರಿಕ ಹುಳುಗಳ ಜೊತೆಗೆ ತುದಿಯಲ್ಲಿರುವ ಕೋಟೆಯತ್ತ ಹತ್ತುತ್ತಾಳೆ.

ಮೊದಲ ಮೂರು ಗಂಟೆಗಳ ಅನುಭವವನ್ನು ಮುಕ್ತ ಮನಸ್ಸಿನಿಂದ ಹೊಗಳುತ್ತೇನೆ. ಹಾರ್ನೆಟ್ ನಡೆಯುವುದಕ್ಕಿಂತ ಹೆಚ್ಚಾಗಿ ತೇಲುತ್ತಾಳೆ, ಜಿಗಿದು ಕಲ್ಲಂಚನ್ನು ತಾನೇ ಹಿಡಿದು ಮೇಲೇರುತ್ತಾಳೆ. ಜಿಗಿದಾಗ ಕೆಳಮುಖವಾಗಿ ಹೊಡೆದರೆ ಸೂಜಿ ನೇರಕ್ಕೆ ಇಳಿಯದೆ ಓರೆಯಾಗಿ ಹೋಗುತ್ತದೆ. ಹಿಂದಿನ ಆಟದಲ್ಲಿ ನೇರ ಹೊಡೆತಕ್ಕೆ ಒಗ್ಗಿಹೋದ ನನ್ನ ಮಗ ಮೊದಲ ದಿನ ಇದಕ್ಕೇ ಸಿಡಿಮಿಡಿಗೊಂಡ. ಹಿಂದಿನದನ್ನು ಆಡಿರದ ನನಗೆ ಮರೆಯಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಓರೆ ಹೊಡೆತವೇ ಸಹಜವೆನಿಸಿತು. ಕಷ್ಟವೆನ್ನುವುದು ಆಡುವವರ ಹಳೆಯ ಅಭ್ಯಾಸದಿಂದಲೂ ಹುಟ್ಟುತ್ತದೆಯೆಂದು ನಮ್ಮ ಮನೆಯಲ್ಲೇ ಕಂಡೆ. ದಾರಿಯಲ್ಲಿ ಶೆರ್ಮಾ ಎಂಬ ಪುಟಾಣಿ ಯಾತ್ರಿಕ ಸಿಗುತ್ತಾನೆ. ಮುಚ್ಚಿದ ಬಾಗಿಲ ಮುಂದೆ ಕುಳಿತು, ಭಕ್ತಿಯಿಂದ ಹಾಡಿದರೆ ಅದು ತೆರೆಯುತ್ತದೆಂದು ನಂಬಿ ಹಾಡುತ್ತಲೇ ಇರುವ ಅವನನ್ನು ನೋಡಲಿಕ್ಕಾಗಿಯೇ ನಾನು ಎರಡು ಬಾರಿ ಹಿಂದಕ್ಕೆ ಹೋಗಿದ್ದುಂಟು.

ಇನ್ನು ಕಷ್ಟದ ಮಾತು. ನನ್ನ ಆಕ್ಷೇಪ ಶತ್ರುಗಳ ಚುರುಕಿನ ಬಗ್ಗೆಯಲ್ಲ, ಲೆಕ್ಕದ ಬಗ್ಗೆ.

ಹಾರ್ನೆಟ್‌ಳ ಆಯುಸ್ಸನ್ನು ಈ ಆಟದಲ್ಲಿ ಮುಖವಾಡಗಳಲ್ಲಿ ಎಣಿಸುತ್ತಾರೆ. ಆರಂಭದಲ್ಲಿ ಐದು ಮುಖವಾಡಗಳಿರುತ್ತವೆ. ಒಂದು ಏಟಿಗೆ ಒಂದು ಹೋಗುವುದಾದರೆ ಐದನೆಯ ಏಟಿಗೆ ಸಾವು. ಹಿಂದಿನ ಆಟದ ಮೊದಲ ಭಾಗ ಬಹುಮಟ್ಟಿಗೆ ಹಾಗೆಯೇ ಇತ್ತೆಂದು ಮಗ ಹೇಳುತ್ತಾನೆ. ಇಲ್ಲಿ ಆರಂಭದ ಪ್ರದೇಶಗಳಲ್ಲೇ ಎರಡೆರಡು ಮುಖವಾಡ ಕಸಿಯುವ ಏಟುಗಳು ಶುರುವಾಗುತ್ತವೆ. ಸ್ಯಾವೇಜ್ ಬೀಸ್ಟ್‌ಫ್ಲೈ ಎಂಬ ಹಾರುವ ದೈತ್ಯ ಸುಮ್ಮನೆ ಮೈಗೆ ತಾಗಿದರೂ ಎರಡು ಹೋಗುತ್ತವೆ. ಐದನ್ನು ಎರಡರಿಂದ ಭಾಗಿಸಿದರೆ ಎರಡೂವರೆ, ಅಂದರೆ ಮೂರನೆಯ ಏಟಿಗೆ ಸಾವು. ಇದನ್ನು ಒಪ್ಪಿಕೊಳ್ಳೋಣ. ಬಂಡೆಗಳ ಸಂದಿಯಲ್ಲಿ, ಮುಳ್ಳಿನ ಗುಂಡಿಯ ಆಚೆ, ಅಂಗಡಿಯಲ್ಲಿ ಹುಡುಕಿ ನಾಲ್ಕು ಚೂರುಗಳನ್ನು ಕೂಡಿಸಿದರೆ ಆರನೆಯ ಮುಖವಾಡ ದೊರೆಯುತ್ತದೆ. ಗಂಟೆಗಟ್ಟಲೆ ಅಲೆದು ಗಳಿಸಿದ ಬಹುಮಾನವದು. ಆದರೆ ಆರನ್ನು ಎರಡರಿಂದ ಭಾಗಿಸಿದರೆ ಮೂರು. ಆಗಲೂ ಮೂರನೆಯ ಏಟಿಗೇ ಸಾವು.

ಇದನ್ನು ಕಂಡುಹಿಡಿದ ಹುಮ್ಮಸ್ಸಿನಲ್ಲಿ ಆರನೆಯ ಮುಖವಾಡ ದಂಡ ಎಂದು ಮಗನಿಗೆ ಘೋಷಿಸಿದೆ. ಅವನು ನನ್ನ ಹಾಳೆಯನ್ನು ಎಳೆದುಕೊಂಡು ತಿದ್ದಿದ. ಈ ಆಟದಲ್ಲಿ ರೇಷ್ಮೆಯಿಂದ ಗಾಯ ಕಟ್ಟಿಕೊಳ್ಳುವ ವಿದ್ಯೆಯಿದೆ. ಒಮ್ಮೆ ಕಟ್ಟಿಕೊಂಡರೆ ಮೂರು ಮುಖವಾಡಗಳು ಮರಳುತ್ತವೆ, ಅದಕ್ಕೆ ಬೇಕಾದ ಒಂಬತ್ತು ಎಳೆ ರೇಷ್ಮೆಯನ್ನು ಶತ್ರುವಿಗೆ ಹೊಡೆದೇ ಗಳಿಸಬೇಕು. ಐದು ಮುಖವಾಡಗಳವಳು ಎರಡು ಏಟು ತಿಂದು ಒಂದಕ್ಕಿಳಿದು, ಗಾಯ ಕಟ್ಟಿಕೊಂಡು ನಾಲ್ಕಕ್ಕೇರಿದರೆ, ಇನ್ನೆರಡು ಏಟಿಗೆ ಸಾಯುತ್ತಾಳೆ. ಒಟ್ಟು ನಾಲ್ಕು. ಆರು ಮುಖವಾಡಗಳವಳು ಎರಡು ಏಟಿಗೆ ಎರಡಕ್ಕಿಳಿದು, ಕಟ್ಟಿಕೊಂಡು ಐದಕ್ಕೇರಿ, ಇನ್ನು ಮೂರು ಏಟಿಗೆ ಸಾಯುತ್ತಾಳೆ. ಒಟ್ಟು ಐದು. “ನೋಡಮ್ಮ, ಒಂದು ಏಟು ಜಾಸ್ತಿ ಆಯ್ತಲ್ಲ” ಎಂದ. ಲೆಕ್ಕ ಸರಿಯಾಗಿತ್ತು, ನಾನು ಒಪ್ಪಿಕೊಂಡೆ. ಒಂದೊಂದೇ ಮುಖವಾಡದ ಏಟುಗಳು ನಡುನಡುವೆ ಬೆರೆತಾಗಲೂ ಆರನೆಯದಕ್ಕೆ ಬೆಲೆ ಬರುತ್ತದೆ.

ಆದರೆ ಅವನ ತಿದ್ದುಪಡಿಯಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಯಿತು. ಎರಡೆರಡು ಕಸಿಯುವ, ಬಾಸ್‌ಗಳೆಂದು ಕರೆಯುವ ದೊಡ್ಡ ಶತ್ರುಗಳ ಎದುರು ಆ ಒಂದು ಏಟಿನ ಲಾಭ ಸಿಗುವುದು ಯಾರಿಗೆ? ಮೂರನೆಯ ಏಟು ಬೀಳುವ ಮುನ್ನ ಒಂಬತ್ತು ಹೊಡೆತ ಹೊಡೆದು, ಬಿಡುವು ನೋಡಿ ಗಾಯ ಕಟ್ಟಿಕೊಳ್ಳಬಲ್ಲವರಿಗೆ, ಅಂದರೆ ಈಗಾಗಲೇ ಆಟ ಬಲ್ಲವರಿಗೆ. ಕಟ್ಟಿಕೊಳ್ಳುವಾಗ ಏಟು ಬಿದ್ದರೆ ಕೂಡಿಟ್ಟ ರೇಷ್ಮೆಯೂ ವ್ಯರ್ಥ. ಅಷ್ಟು ಹೊತ್ತು ಉಳಿಯಲಾರದ ಹೊಸಬಳಿಗೆ ನಾಲ್ಕು ಚೂರುಗಳ ಹುಡುಕಾಟದಿಂದ ದಕ್ಕುವುದು ಸೊನ್ನೆ. ಪ್ರಶ್ನೆಪತ್ರಿಕೆ ತೆಗೆಯುವಾಗ ನಾವು ಕಠಿಣ ಪ್ರಶ್ನೆಯನ್ನು ಬಿಡುವುದಿಲ್ಲ, ಆದರೆ ಓದಿಕೊಂಡು ಬಂದ ಸಾಧಾರಣ ವಿದ್ಯಾರ್ಥಿಗೆ ಓದಿದ್ದಕ್ಕೆ ಒಂದು ಅಂಕವಾದರೂ ಹೆಚ್ಚು ಬರುವಂತೆ ನೋಡಿಕೊಳ್ಳುತ್ತೇವೆ. ಅಲೆದಾಟವನ್ನೇ ಜೀವಾಳವಾಗಿಟ್ಟುಕೊಂಡ ಆಟವೊಂದು, ಅಲೆದು ಬಂದವರ ಕೈಗೆ ಮೊದಲ ಹಂತದಲ್ಲಿ ಕಾಣುವಂಥ ಫಲ ಕೊಡಬೇಕಿತ್ತು. ಏಳನೆಯ ಮುಖವಾಡ ಸಿಕ್ಕಾಗ ನಾಲ್ಕನೆಯ ಏಟಿನವರೆಗೆ ಬದುಕುವುದು ನಿಜ, ಆದರೆ ಅಷ್ಟರಲ್ಲಿ ಆರಂಭದ ಘಟ್ಟ ದಾಟಿಹೋಗಿರುತ್ತದೆ.

ಎರಡನೆಯ ವಿಷಯ, ಸತ್ತ ಮೇಲೆ ನಡೆಯಬೇಕಾದ ದಾರಿ. ಈ ಆಟದಲ್ಲಿ ಸತ್ತರೆ ಕೊನೆಯದಾಗಿ ಕುಳಿತಿದ್ದ ಬೆಂಚಿನ ಬಳಿ ಎಚ್ಚರವಾಗುತ್ತದೆ. ಬೆಂಚುಗಳೋ, ಅಲ್ಲೊಂದು ಇಲ್ಲೊಂದು. ಕೆಲವಕ್ಕೆ ಜಪಮಣಿ ತೆತ್ತೇ ಕೂರಬೇಕು. ಹಂಟರ್ಸ್ ಮಾರ್ಚ್ ಎಂಬ ಪ್ರದೇಶದಲ್ಲಂತೂ ಏದುಸಿರು ಬಿಡುತ್ತಾ ಬಂದು ಬೆಂಚಿನ ಮೇಲೆ ಕುಳಿತರೆ ಬೆಂಚೇ ಬಲೆಯಾಗಿರುತ್ತದೆ. ಅದಕ್ಕೆ ನಾನು ಸಿಟ್ಟಾಗಲಿಲ್ಲ, ಜೋರಾಗಿ ನಕ್ಕೆ. ಮಾಡಿದವರಿಗೆ ತುಂಟತನವಿದೆ. ಆದರೆ ಬ್ಲಾಸ್ಟೆಡ್ ಸ್ಟೆಪ್ಸ್ ಎಂಬ ಮರಳುಗಾಳಿಯ ಮೆಟ್ಟಿಲುಗಳ ತುದಿಯಲ್ಲಿ, ಕೋಟೆಯ ಬಾಗಿಲು ಕಾಯುವ ಲಾಸ್ಟ್ ಜಡ್ಜ್‌ನ ಮುಂದೆ ನನ್ನ ನಗು ನಿಂತಿತು. ಸರಪಳಿಗೆ ಕಟ್ಟಿದ ದೊಡ್ಡ ಧೂಪದ ಪಾತ್ರೆಯನ್ನು ಬೀಸುವ ಈ ಕಾವಲುಗಾರನ ಕಾಳಗ ಅಚ್ಚುಕಟ್ಟಾಗಿದೆ, ಅವನ ಒಂದೊಂದು ವರಸೆಗೂ ಮುನ್ಸೂಚನೆಯಿದೆ, ಕಲಿತರೆ ಕಲಿಯಬಹುದು. ಆದರೆ ಪ್ರತಿ ಸಲ ಸತ್ತಾಗಲೂ ಕೆಳಗಿನ ಬೆಂಚಿನಿಂದ ಹೊರಟು, ಗಾಳಿಗೆ ಎದುರಾಗಿ, ಮರಳಿನಿಂದ ಚಿಮ್ಮುವ ಹುಳುಗಳನ್ನೂ ಕೊರೆಯುತ್ತಾ ಹಾರಿಬರುವ ಕೀಟಗಳನ್ನೂ ತಪ್ಪಿಸಿಕೊಂಡು ಹೋಗಬೇಕು. ನನ್ನಂಥವಳಿಗೆ ಅದು ಎರಡು ನಿಮಿಷದ ದಾರಿ. ಅಲ್ಲಿ ಮುಟ್ಟುವಷ್ಟರಲ್ಲಿ ಐದರಲ್ಲಿ ಮೂರು ಮುಖವಾಡಗಳು ಉಳಿದಿದ್ದರೆ ಪುಣ್ಯ.

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಎಷ್ಟು ಹೊತ್ತಾದರೂ ಸಾಲಿನಲ್ಲಿ ನಿಲ್ಲುತ್ತೇವೆ, ಬೇಸರಿಸುವುದಿಲ್ಲ, ಏಕೆಂದರೆ ಸಾಲು ಮುಂದಕ್ಕೆ ಸರಿಯುತ್ತಿರುತ್ತದೆ. ಗರ್ಭಗುಡಿಯ ಹೊಸ್ತಿಲಲ್ಲಿ ಕಾಲು ಎಡವಿದವರನ್ನೆಲ್ಲ ಮತ್ತೆ ಸಾಲಿನ ಬುಡಕ್ಕೆ ಅಟ್ಟುವುದಾದರೆ ಎಂಥ ಭಕ್ತರೂ ಮೂರನೆಯ ಸಲಕ್ಕೆ ಮನೆಯ ದಾರಿ ಹಿಡಿದಾರು. ಮತ್ತೆ ಆಟದ ಮಾತಿಗೆ ಬಂದರೆ, ಒಂದು ದಿನ ಜಡಿಮಳೆ ಹಿಡಿದಿತ್ತು. ಹದಿನೇಳನೆಯ ಪ್ರಯತ್ನದಲ್ಲಿ ಜಡ್ಜ್ ಮಂಡಿಯೂರಿದ. ನಾನು ಕೈ ಕೆಳಗಿಟ್ಟೆ. ಸೋತ ಮೇಲೂ ಅವನು ಬೆಂಕಿಯಾಗಿ ಸಿಡಿಯುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಉಳಿದಿದ್ದ ಒಂದು ಮುಖವಾಡದೊಂದಿಗೆ ದೂರ ಜಿಗಿಯಬೇಕೆನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಸಿಡಿತದಲ್ಲಿ ಸತ್ತೆನೋ, ಕತ್ತಲಲ್ಲಿ ಸತ್ತೆನೋ ಇಂದಿಗೂ ಗೊತ್ತಿಲ್ಲ. ಒಲೆಯ ಮೇಲಿಟ್ಟಿದ್ದ ಹುರುಳಿಕಾಳಿನ ಸಾರು ಅಷ್ಟರಲ್ಲಿ ತಳ ಹಿಡಿದಿತ್ತು. ಕರೆಂಟ್ ಬಂದ ಮೇಲೆ ಎಚ್ಚರವಾದದ್ದು ಅದೇ ಕೆಳಗಿನ ಬೆಂಚಿನಲ್ಲಿ.

ಕಾಳಗದ ಕಷ್ಟವೂ ಕಾಳಗದ ಬಾಗಿಲಿಗೆ ಹೋಗುವ ಕಷ್ಟವೂ ಬೇರೆ ಬೇರೆಯೆಂಬುದು ನನ್ನ ಮುಖ್ಯ ಮಾತು. ಮೊದಲನೆಯದು ಕಲಿಸುತ್ತದೆ. ಎರಡನೆಯದು ಮೊದಲ ನಾಲ್ಕು ಸಲ ಕಲಿಸಿ, ಆಮೇಲೆ ಸಮಯವನ್ನಷ್ಟೇ ತಿನ್ನುತ್ತದೆ. ತಮ್ಮ ಪುರವಣಿಯ ಬರಹಗಾರರು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಸವಾಲು’ ಎಂದು ಕರೆದಿದ್ದಾರೆ. ದಾರಿಯ ಉದ್ವೇಗದಿಂದಲೇ ಕಾಳಗಕ್ಕೆ ತೂಕ ಬರುತ್ತದೆ ಎಂಬ ವಾದವನ್ನೂ ಕೇಳಿದ್ದೇನೆ. ಅದು ಮೊದಲ ಸಲಕ್ಕೆ ಸರಿ, ಹದಿನೇಳನೆಯ ಸಲಕ್ಕೆ ಅಲ್ಲ.

ಇದಕ್ಕೆ ಆಟದ ಪರವಾಗಿ ಇರುವ ಗಟ್ಟಿ ಉತ್ತರವನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದೆಡೆ ತಡೆದರೆ ಬೇರೆಡೆಗೆ ಹೋಗು, ಬಲ ಕೂಡಿಸಿಕೊಂಡು ಬಾ ಎನ್ನುವುದೇ ಈ ಬಗೆಯ ಆಟಗಳ ಮೂಲಗುಣ. ಸುಲಭ, ಮಧ್ಯಮ, ಕಠಿಣ ಎಂಬ ಗುಂಡಿಗಳಿಲ್ಲದೆಯೂ ಕಷ್ಟವನ್ನು ಆಡುವವರೇ ಹೀಗೆ ಹೊಂದಿಸಿಕೊಳ್ಳಬಹುದು. ನಾನು ಜಡ್ಜ್‌ನ ಬಳಿ ಒದ್ದಾಡುವಾಗ ಮಗ ಹಿಂದಿನಿಂದ “ಅಮ್ಮ, ಅದನ್ನ ಬಿಟ್ಟು ಬೇರೆ ಕಡೆ ಹೋಗ್ಬಾ, ಅಲ್ಲೇ ಯಾಕೆ ತಲೆ ಚಚ್ಕೋತೀಯ” ಎನ್ನುತ್ತಲೇ ಇದ್ದ. ಕೋಟೆಯನ್ನು ಹೊಗಲು ಇನ್ನೊಂದು ಗುಪ್ತ ದಾರಿಯೂ ಇದೆ. ಎಲ್ಲಿದೆಯೆಂದು ಇಲ್ಲಿ ಬರೆದರೆ ಆಡುವ ಓದುಗರು ನನ್ನನ್ನು ಶಪಿಸಿಯಾರು. ಸೂಜಿಯ ಹೊಡೆತ ನೇರಕ್ಕೆ ಇಳಿಯಬೇಕೆನ್ನುವವರಿಗೆ ಹೊಡೆತದ ಶೈಲಿಯನ್ನೇ ಬದಲಿಸುವ ಬೇರೆ ಲಾಂಛನಗಳಿವೆ, ದೂರದಿಂದ ಎಸೆಯುವ ಸಲಕರಣೆಗಳಿವೆ. ಇವನ್ನೆಲ್ಲ ಬಳಸದೆ ಒಂದೇ ಬಾಗಿಲಿಗೆ ಹಣೆ ಚಚ್ಚಿಕೊಂಡದ್ದು ನನ್ನ ತಪ್ಪೂ ಹೌದು.

ಆದರೆ ಬೇರೆ ಕಡೆ ಹೋಗೆಂದು ಹೇಳುವ ಇದೇ ಆಟ ಸೆರಗನ್ನೂ ಹಿಡಿದು ಎಳೆಯುತ್ತದೆ. ಸತ್ತ ಜಾಗದ ಆಸುಪಾಸಿನಲ್ಲಿ ಹಾರ್ನೆಟ್‌ಳ ಒಂದು ರೇಷ್ಮೆಗೂಡು ಉಳಿಯುತ್ತದೆ, ಗಳಿಸಿದ ಜಪಮಣಿಗಳೆಲ್ಲ ಅದರೊಳಗೆ. ಅದನ್ನು ಒಡೆದುಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಅವು ಶಾಶ್ವತವಾಗಿ ಹೋದಂತೆ. ಹಾಗಿರುವಾಗ ಗಂಟನ್ನು ಬಾಸ್‌ನ ಬಾಗಿಲಲ್ಲಿ ಬಿಟ್ಟು ಯಾರು ತಾನೇ ಬೇರೆ ಊರಿಗೆ ಹೊರಟಾರು? ಮಣಿಗಳನ್ನು ಸರವಾಗಿ ಪೋಣಿಸಿಟ್ಟರೆ ಸತ್ತಾಗ ಕಳೆಯುವುದಿಲ್ಲ, ಆದರೆ ಪೋಣಿಸುವುದಕ್ಕೂ ಕೂಲಿ ತೆರಬೇಕು. ನಕ್ಷೆ, ದಿಕ್ಸೂಚಿ, ಗಂಟೆಮೃಗದ ಸವಾರಿ ನಿಲ್ದಾಣ ಎಲ್ಲಕ್ಕೂ ಮಣಿಗಳೇ ಬೇಕು, ಕಾಡುಹುಳುಗಳನ್ನು ಎಷ್ಟು ಕೊಂದರೂ ಅವುಗಳಿಂದ ಒಂದು ಮಣಿಯೂ ಉದುರುವುದಿಲ್ಲ. ಮೊದಲ ಹತ್ತು ಗಂಟೆಗಳ ಈ ಬಡತನವನ್ನು ನಾನು ಕಥೆಗೆ ಹೊಂದುವ ಗುಣವೆಂದೇ ಎಣಿಸುತ್ತೇನೆ, ಯಾತ್ರಿಕರನ್ನು ಸುಲಿಯುವ ರಾಜ್ಯವಲ್ಲವೇ ಅದು? ಆದರೆ ಗೂಡಿನ ನಿಯಮವೂ ದೂರದ ಬೆಂಚೂ ಎರಡೆರಡು ಏಟೂ ಒಂದೇ ಕಡೆ ಕೂಡಿದಾಗ ಅಲೆಯುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯುತ್ತದೆ.

ನಿರ್ಮಾಪಕರಿಗೂ ಇದರಲ್ಲಿ ಸ್ವಲ್ಪವಾದರೂ ಮನವರಿಕೆಯಾದಂತಿದೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಬಂದ ಮೊದಲ ತಿದ್ದುಪಡಿಯಲ್ಲಿ ಮೂರ್‌ವಿಂಗ್ ಮತ್ತು ಸಿಸ್ಟರ್ ಸ್ಪ್ಲಿಂಟರ್ ಎಂಬ ಆರಂಭದ ಇಬ್ಬರು ಬಾಸ್‌ಗಳ ಕಾವನ್ನು ತುಸು ಇಳಿಸಿದರು, ಮರಳಿನಿಂದ ಚಿಮ್ಮುವ ಹುಳುಗಳ ಏಟನ್ನು ಕಡಿಮೆ ಮಾಡಿದರು, ಆಟದ ಮಧ್ಯಭಾಗದ ಕೆಲವು ಬೆಂಚುಗಳ ಬೆಲೆ ತಗ್ಗಿಸಿದರು. ತಮ್ಮ ಬರಹಗಾರರು ಇದನ್ನು ಗೊಣಗುವವರ ಮುಂದೆ ಮಂಡಿಯೂರಿದ ಶರಣಾಗತಿ ಎಂದಿದ್ದಾರೆ, ಇನ್ನೊಂದೆಡೆ ಕೃಪಾಂಕಕ್ಕೆ ಹೋಲಿಸಿದ್ದಾರೆ. ಶಿಕ್ಷಕಿಯಾಗಿ ಈ ಹೋಲಿಕೆಯನ್ನು ನಾನು ಒಪ್ಪಲಾರೆ. ಕೃಪಾಂಕವೆಂದರೆ ಉತ್ತರ ಬರೆಯದವರಿಗೂ ಅಂಕ ಹಾಕುವುದು. ಪ್ರಶ್ನೆಯ ಮಟ್ಟವೇ ತರಗತಿಗೆ ಮೀರಿತ್ತೆಂದು ಕಂಡಾಗ ಪ್ರಶ್ನೆಯನ್ನು ತಿದ್ದುವುದು ಬೇರೆ ಕೆಲಸ, ಅದನ್ನು ಮಾಡುವ ಪರೀಕ್ಷಕರ ಬಗ್ಗೆ ನನಗೆ ಗೌರವವಿದೆ. ಲಾಸ್ಟ್ ಜಡ್ಜ್‌ನನ್ನು ಆ ತಿದ್ದುಪಡಿ ಮುಟ್ಟಲಿಲ್ಲ. ನನಗೂ ಅವನನ್ನು ಮುಟ್ಟುವುದು ಬೇಕಿರಲಿಲ್ಲ, ಬೆಂಚೊಂದನ್ನು ನಾಲ್ಕು ಮೆಟ್ಟಿಲು ಮೇಲೆ ಹಾಕಿದ್ದರೆ ಸಾಕಿತ್ತು.

ಬೇರೆ ಆಟಗಳು ಬೇರೆ ಹಾದಿ ಹಿಡಿದಿವೆ. 2018ರ ‘ಸೆಲೆಸ್ಟ್’ನಲ್ಲಿ ಬೇಕಾದವರು ಆಟದ ವೇಗವನ್ನೇ ತಗ್ಗಿಸಿಕೊಳ್ಳಬಹುದು, 2024ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್’ನಲ್ಲಿ ಶತ್ರುಗಳ ಏಟಿನ ಬಲವನ್ನು ಹೊಂದಿಸಿಕೊಳ್ಳಬಹುದು. ಇಂಥ ಸೌಲಭ್ಯಗಳಿಂದ ಆಟದ ಮಾನ ಹೋಗುತ್ತದೆಂದು ನನಗೆ ತೋರುವುದಿಲ್ಲ. ಕೈಬೆರಳು ಸರಿಯಾಗಿ ಮಡಚಲಾಗದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಡುವುದಿದ್ದರೆ ಅಂಥದ್ದನ್ನೇ ಆರಿಸಿಕೊಳ್ಳಬೇಕು. ಆದರೆ ಸಿಲ್ಕ್‌ಸಾಂಗ್‌ಗೆ ನಾನು ಕೇಳುತ್ತಿರುವುದು ಅದನ್ನಲ್ಲ. ಎಲ್ಲರಿಗೂ ಒಂದೇ ಕಷ್ಟವೆಂಬ ಅದರ ಹಟ ಹಾಗೆಯೇ ಇರಲಿ, ಎರಡೆರಡು ಮುಖವಾಡ ಕಸಿಯುವ ಏಟುಗಳು ಆರನೆಯ ಮುಖವಾಡದ ನಂತರ ಶುರುವಾಗಲಿ.

ಕೊನೆಗೆ, ತಮ್ಮಲ್ಲಿ ಒಂದು ಕೋರಿಕೆ. ಪುರವಣಿಯಲ್ಲಿ ಆಟಗಳ ಬಗ್ಗೆ ಬರೆಯುವವರು ತಾವು ಎಷ್ಟು ಗಂಟೆ ಆಡಿ ಬರೆದಿರಿ, ಎಲ್ಲಿಯವರೆಗೆ ತಲುಪಿದಿರಿ, ಆಡಿದ್ದು ತಿದ್ದುಪಡಿಗೆ ಮುಂಚೆಯೋ ನಂತರವೋ, ಹಿಂದಿನ ಆಟವನ್ನು ಆಡಿದ್ದವರೋ ಅಲ್ಲವೋ ಎಂಬುದನ್ನು ಬರಹದ ಕೆಳಗೆ ಒಂದು ಸಾಲಿನಲ್ಲಿ ನಮೂದಿಸುವಂತೆ ಮಾಡಬೇಕು. ಆ ಬರಹದಲ್ಲಿ ಇವ್ಯಾವುವೂ ಇರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆಡಿದ್ದು ತಿದ್ದುಪಡಿಯ ನಂತರ, ಹಿಂದಿನದನ್ನು ಆಡಿಲ್ಲ, ಇಪ್ಪತ್ತಮೂರನೆಯ ಪ್ರಯತ್ನದಲ್ಲಿ ಜಡ್ಜ್‌ನನ್ನು ಸೋಲಿಸಿ, ಸಿಡಿತದಿಂದ ದೂರ ಜಿಗಿದು, ಈಗ ಕೋಟೆಯ ಒಳಗಿದ್ದೇನೆ. ಅಲ್ಲಿ ಸಿಕ್ಕ ಮೊದಲ ಬೆಂಚಿಗೂ ಜಪಮಣಿ ಕೇಳುತ್ತಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ,
ಹಾಸನ